ಕಡೆಗೆ ಕರೆದ ಮನೆ

ವರ್ತೂರಿನ ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದಕ್ಕೊಂದು ಸಾಲಿತ್ತು. ಅವ್ವ ಒಲೆ ಬಿಟ್ಟು ಏಳುತ್ತಿರಲಿಲ್ಲ, ಕೂತಲ್ಲಿಂದಲೇ ಕೂಗುತ್ತಿದ್ದಳು. ಮೊದಲು ಅಪ್ಪ. ಆಮೇಲೆ ಅಪ್ಪನ ಜೊತೆ ಹೊಲದಿಂದ ಬಂದವರು, ನೆಂಟರಿದ್ದರೆ ನೆಂಟರು. ಆಮೇಲೆ ನನ್ನ ತಮ್ಮ ಮುನಿರಾಜು, ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಾದರೂ ಗಂಡು ಅಂತ. ಎಲ್ಲರದ್ದೂ ಮುಗಿದು ತಟ್ಟೆ ಎತ್ತಿದ ಮೇಲೆ "ಗೌರೀ" ಅನ್ನುವ ಕೂಗು ಬರುತ್ತಿತ್ತು. ಅಡುಗೆಮನೆ ಅಂತ ಬೇರೆ ಇರಲಿಲ್ಲ. ನಡುಮನೆಯ ಒಂದು ಮೂಲೆಗೆ ಸೊಂಟದೆತ್ತರ ಮಣ್ಣಿನ ಗೋಡೆ ಎಬ್ಬಿಸಿ ಒಲೆ ಹೂಡಿದ್ದರು. ಗೋಡೆಯ ಆಚೆ ಪಕ್ಕ ದನ ಕಟ್ಟುತ್ತಿದ್ದರು. ಎರಡಕ್ಕೂ ನಡುವೆ ಒಂದು ಒರಳುಕಲ್ಲಿತ್ತು, ನನ್ನ ಹೆಸರು ಕೂಗುವ ತನಕ ನಾನು ಅದರ ಮೇಲೆ ಕೂರುತ್ತಿದ್ದೆ. ಒರಳಿನ ಮೇಲೆ ಹೆಣ್ಣುಮಕ್ಕಳು ಕೂರಬಾರದು ಅಂತ ಅವ್ವ ದಿನಾ ಬೈಯುತ್ತಿದ್ದಳು, ಆದರೆ ಬೇರೆ ಜಾಗ ತೋರಿಸುತ್ತಿರಲಿಲ್ಲ.

ಕಾಯುವುದರಿಂದ ನನಗೆ ನಷ್ಟವೇನೂ ಆಗಲಿಲ್ಲ. ಉಣ್ಣುವ ಜನರನ್ನು ಕೂತು ನೋಡಿದರೆ ಅವರು ಎಂಥವರು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಸಾರಿನಲ್ಲಿ ಕಾಳು ಹುಡುಕುವವನು ಯಾರು, ಉಪ್ಪು ಕಮ್ಮಿಯಾದರೂ ಬಾಯಿ ಬಿಡದೆ ಉಣ್ಣುವವನು ಯಾರು, ಅವ್ವನಿಗೆ ಮಿಕ್ಕಿದೆಯೋ ಇಲ್ಲವೋ ಅಂತ ಮಡಕೆ ಕಡೆ ಒಂದು ಸಲ ಕಣ್ಣು ಹಾಯಿಸುವವನು ಯಾರು ಅಂತ ಎಲ್ಲ ನೋಡಿಟ್ಟುಕೊಂಡಿದ್ದೆ. ಆಮೇಲೆ ನನಗೆ ಗಂಡು ಹುಡುಕುವಾಗ ಅದು ಉಪಯೋಗಕ್ಕೆ ಬಂತು. ಕಡೆಗೆ ಕರೆಸಿಕೊಂಡವರಿಗೆ ಇನ್ನೊಂದು ಲಾಭವಿತ್ತು, ಅವ್ವನ ಪಕ್ಕದಲ್ಲಿ ಕೂತು ಉಣ್ಣಬಹುದಿತ್ತು. ಮುದ್ದೆ ಎಲ್ಲ ಕಟ್ಟಿ ಮುಗಿದ ಮೇಲೆ ಹಿಟ್ಟಿನ ಮಡಕೆಯ ತಳಕ್ಕೆ ಸೀದು ಹತ್ತಿಕೊಂಡ ಪದರ ಉಳಿಯುತ್ತಿತ್ತು, ಅದನ್ನು ಸೀಕು ಅನ್ನುತ್ತಿದ್ದೆವು. ಅವ್ವ ಅದನ್ನು ಸಟ್ಟುಗದಲ್ಲಿ ಕೆರೆದು, ಬೆಣ್ಣೆ ಸವರಿ, ಉಪ್ಪಿನ ಕಲ್ಲು ಉದುರಿಸಿ ನನ್ನ ಕೈಗೆ ಹಾಕುತ್ತಿದ್ದಳು. ಕಡಿದರೆ ಕರುಂ ಅನ್ನಬೇಕು. ಮುನಿರಾಜು ಹೊಟ್ಟೆ ತುಂಬ ಉಂಡವನು ಮತ್ತೆ ಬಂದು ಗೋಡೆ ಮೇಲೆ ಗಲ್ಲ ಊರಿ ನಿಲ್ಲುತ್ತಿದ್ದ.

"ಅವ್ವಾ, ನಾಳೆಯಿಂದ ನನ್ನ ಕಡೇಗೆ ಕರಿ."

"ಗಂಡುಡುಗ ಕಣೋ ನೀನು. ಕಡೇಗೆ ಉಣ್ಣೋಕೆ ನಿಂಗೇನು ಬಂದೈತೆ?"

"ಅಕ್ಕಂಗೇನು ಬಂದೈತೆ ಮತ್ತೆ?"

ಒಂದು ದಿನ ಅವನು ಹುಲ್ಲಿನ ಮೆದೆಯ ಹಿಂದೆ ಬಚ್ಚಿಟ್ಟುಕೊಂಡು, ಎಷ್ಟು ಕೂಗಿದರೂ ಬರದೆ, ನನ್ನ ಹೆಸರು ಕೂಗಿದ ಮೇಲೆ ಓಡಿ ಬಂದ. ಅವ್ವ ಬೆನ್ನಿಗೆ ಎರಡು ಬಿಟ್ಟಳು. ಆದರೂ ಸೀಕಿನಲ್ಲಿ ಪಾಲು ಕೊಟ್ಟಳು, ದೊಡ್ಡ ತುಂಡು ಅವನಿಗೇ. ನಾನು ಅತ್ತೆನಾ ಅಂದರೆ ಇಲ್ಲ, ಅವನ ಕೈಯಿಂದ ಕಿತ್ತುಕೊಂಡು ದನದ ಗೋದಲಿಗೆ ಎಸೆದೆ. ನನ್ನನ್ನು ಎಲ್ಲರೂ ಮೊಂಡಿ ಅನ್ನುತ್ತಾರೆ. ಆ ಮೊಂಡುತನ ನಾನು ಹುಟ್ಟುವಾಗ ತಂದದ್ದಲ್ಲ, ಆ ಒರಳುಕಲ್ಲಿನ ಮೇಲೆ ಕೂತು ಕಲಿತದ್ದು.

ಮದುವೆಯಾಗಿ ನಾನು ಪೀಣ್ಯದ ಪಕ್ಕದ ರಾಜಗೋಪಾಲನಗರಕ್ಕೆ ಬಂದೆ. ನಮ್ಮ ಯಜಮಾನರು ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಒಂದು ರೂಮು, ಒಂದು ಅಡುಗೆಮನೆ, ಮೇಲೆ ಶೀಟು. ಪಕ್ಕದ ಶೆಡ್ಡಿನಲ್ಲಿ ತಗಡು ಕತ್ತರಿಸುವ ಪ್ರೆಸ್ಸು ಹೊಡೆದರೆ ನಮ್ಮ ಗೂಡಿನಲ್ಲಿದ್ದ ಲೋಟ ನಡುಗುತ್ತಿತ್ತು. ಇದ್ದವಳು ಒಬ್ಬಳೇ ಮಗಳು, ಸುಜಾತ. ಅವಳು ಬೆಳೆದು ಗಾರ್ಮೆಂಟ್ಸಿಗೆ ಹೋಗುವ ಹೊತ್ತಿಗೆ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಆಗ ಮುನಿರಾಜು ತನ್ನ ಮಗನಿಗೆ ಅವಳನ್ನು ಕೇಳಿಕೊಂಡು ಬಂದ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ತಮ್ಮನ ಮನೆಗೆ ಹಕ್ಕಿದೆ, ಬೇರೆಯವರಿಗೆ ಕೊಡುವ ಮೊದಲು ಅವರನ್ನು ಕೇಳಬೇಕು. ಹುಡುಗನಲ್ಲಿ ದೋಷವೇನೂ ಇರಲಿಲ್ಲ. ಆದರೆ ಸುಜಾತ ಬಾಗಿಲಲ್ಲಿ ನಿಂತು ಮಾವನ ಎದುರಿಗೇ ಹೇಳಿದಳು.

"ಮಾವ, ನಿಮ್ಮನೇಲಿ ಎಷ್ಟು ಸಲ ಬೇಕಾದ್ರೂ ಊಟ ಮಾಡ್ತೀನಿ. ಸಂಸಾರ ಮಾಡಲ್ಲ."

ಮುನಿರಾಜು ನನ್ನ ಮುಖ ನೋಡಿದ. ಅವಳಿಗೆ ಗದರುತ್ತೇನೆ ಅಂತ ಅಂದುಕೊಂಡಿದ್ದ. ಗದರಲಿಲ್ಲ. ಅವಳು ಅಂದದ್ದು ಸರಿಯಾಗಿಯೇ ಇತ್ತು, ಗದರಲು ಕಾರಣ ಸಿಗಲಿಲ್ಲ. ಅವನು ಕಾಫಿ ಲೋಟವನ್ನು ಹಾಗೇ ಇಟ್ಟು ಎದ್ದು ಹೋದ. ಆಮೇಲೆ ಹಬ್ಬಕ್ಕೂ ಬರಲಿಲ್ಲ, ಹಬ್ಬಕ್ಕೆ ಕರೆಯಲೂ ಇಲ್ಲ.

ಮಾರನೇ ವರ್ಷ ಸುಜಾತನಿಗೆ ಪೀಣ್ಯದ ಟೂಲ್ ರೂಮಿನ ಒಬ್ಬ ಹುಡುಗ ಗೊತ್ತಾದ. ಎಲ್ಲ ಮಾತು ಮುಗಿದು ಎಲೆ ಅಡಿಕೆ ಹಿಡಿಯುವಾಗ ಹುಡುಗನ ತಾಯಿ ಕೇಳಿದರು.

"ಸೋದರಮಾವ ಇದ್ದಾರಲ್ಲ? ಹುಡುಗೀನ ಮಂಟಪಕ್ಕೆ ಅವರು ತಾನೆ ಹೊತ್ಕೊಂಡು ಬರೋದು?"

"ಇದ್ದಾನೆ, ಹೊರ್ತಾನೆ," ಅಂದೆ. ಅಂದುಬಿಟ್ಟ ಮೇಲೆ ಅದು ನನ್ನ ತಲೆ ಮೇಲೆ ಬಂದು ಕೂತಿತು. ಸೋದರಮಾವ ಇದ್ದೂ ಬರದಿದ್ದರೆ ಮದುವೆಮನೆಯಲ್ಲಿ ಎಲ್ಲರೂ ಪಿಸಿಪಿಸಿ ಅನ್ನುತ್ತಾರೆ, ಹೆಣ್ಣು ನಡೆದುಕೊಂಡು ಮಂಟಪಕ್ಕೆ ಬರಬೇಕಾಗುತ್ತದೆ. ನಾನು ಬಾಯಿಗೆ ಬೆಲೆ ಕೊಡುವವಳು. ನನ್ನ ಮಗಳನ್ನು ನನ್ನ ತಮ್ಮ ಹೊರಬೇಕು, ಅದಕ್ಕೆ ಅವನು ಬರಬೇಕು, ಬರಬೇಕಾದರೆ ಹೋಗಿ ಕರೆಯಬೇಕು.

ನಮ್ಮ ಕಡೆ ಮದುವೆಗೆ ಕರೆಯುವುದು ಅಂದರೆ ಗಂಡ ಹೆಂಡತಿ ಇಬ್ಬರೂ ಮನೆಮನೆಗೆ ಹೋಗಿ, ಕುಂಕುಮ ಇಟ್ಟು, ಅಕ್ಷತೆ ಕೊಟ್ಟು, ಪತ್ರಿಕೆಯನ್ನು ಕೈಗೆ ಕೊಟ್ಟು ಕರೆಯುವುದು. ಅಂಚೆಯಲ್ಲಿ ಕಳಿಸಿದರೆ ಬರಬೇಡಿ ಅಂದ ಹಾಗೆ. ನಮ್ಮ ಜನ ಬೆಂಗಳೂರಿನ ಸುತ್ತ ಚೆಲ್ಲಿಹೋಗಿದ್ದರು, ನೆಲಮಂಗಲದ ಕಡೆ ಒಬ್ಬರು, ಹೊಸೂರು ರಸ್ತೆಯಲ್ಲಿ ಒಬ್ಬರು, ಸರ್ಜಾಪುರದಲ್ಲಿ ಒಬ್ಬರು, ವೈಟ್‌ಫೀಲ್ಡಿನಲ್ಲಿ ಒಬ್ಬರು. ಯಜಮಾನರು ರಜೆ ಹಾಕಿದರು. ಒಂದು ಹಳೇ ಮೊಪೆಡ್ಡಿತ್ತು. ಅವರು ಮುಂದೆ, ನಾನು ಹಿಂದೆ, ನನ್ನ ತೊಡೆ ಮೇಲೆ ಪತ್ರಿಕೆಯ ಬ್ಯಾಗು. ನಾನು ಆಗಲೇ ಗಟ್ಟಿ ಹೆಂಗಸು. ಏರು ಬಂದರೆ ಮೊಪೆಡ್ಡು ಕೆಮ್ಮುತ್ತಿತ್ತು, ಅವರು "ಇಳಿ" ಅನ್ನುತ್ತಿದ್ದರು, ನಾನು ಇಳಿದು ನಡೆಯುತ್ತಿದ್ದೆ, ಅವರು ಮೇಲೆ ಹೋಗಿ ಬೀಡಿ ಹಚ್ಚಿಕೊಂಡು ಕಾಯುತ್ತಿದ್ದರು. ಹಾಗೆ ಹೋದಲ್ಲಿ ಉಂಡು, ಹೊತ್ತಾದಲ್ಲಿ ಮಲಗಿ, ವಾರಗಟ್ಟಲೆ ತಿರುಗಿದೆವು. ಮದುವೆಯಾದ ಮೇಲೆ ನಾವಿಬ್ಬರೇ ಅಷ್ಟು ದಿನ ಜೊತೆಗಿದ್ದದ್ದು ಅದೇ ಮೊದಲು. ಅವರು ಇಷ್ಟೊಂದು ಮಾತಾಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಶೆಡ್ಡಿನ ಸದ್ದಿನಲ್ಲಿ ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದದ್ದೆಲ್ಲ ಮೊಪೆಡ್ಡಿನ ಮೇಲೆ ಈಚೆ ಬಂತು.

ಹೊರಡುವ ಮೊದಲು ದಾರಿಯ ಬಗ್ಗೆ ಜಗಳವಾಗಿತ್ತು. ಮೊದಲ ಪತ್ರಿಕೆ ದೇವರಿಗೆ, ಎರಡನೆಯದು ಹೆಣ್ಣಿನ ತಾಯಿಯ ತವರಿಗೆ. ಅದು ಪದ್ಧತಿ. ನಮ್ಮ ಯಜಮಾನರ ತಲೆಯಲ್ಲಿ ಪದ್ಧತಿ ಅನ್ನುವುದು ಲೇತ್‌ನಲ್ಲಿ ಇರುವುದೊಂದೇ. ಒಂದು ಪೀಸನ್ನು ಯಂತ್ರಕ್ಕೆ ಕಚ್ಚಿಸಿದರೆ ಆಗುವ ಕೆಲಸವನ್ನೆಲ್ಲ ಒಂದೇ ಸಲಕ್ಕೆ ಮುಗಿಸಿ ಬಿಚ್ಚಬೇಕು, ನಡುವೆ ಬಿಚ್ಚಿ ಮತ್ತೆ ಕಚ್ಚಿಸಿದರೆ ನಡು ತಪ್ಪುತ್ತದೆ.

"ನೋಡೇ, ನೆಲಮಂಗಲ, ಆಮೇಲೆ ಕೆಳಗೆ ಹೊಸೂರು ರಸ್ತೆ, ಸರ್ಜಾಪುರ, ವೈಟ್‌ಫೀಲ್ಡ್, ಮಾರತ್ತಹಳ್ಳಿ. ಕಡೇಗೆ ವರ್ತೂರು. ಒಂದೇ ಸುತ್ತು. ನಿನ್ನ ತಮ್ಮನ ಮನೆಗೆ ಮೊದಲು ಓಡಿ, ಮತ್ತೆ ವಾಪಸ್ ಬಂದು, ಮತ್ತೆ ಅದೇ ದಿಕ್ಕಿಗೆ ಹೋಗೋದಾ? ಪೆಟ್ರೋಲು ನಿಮ್ಮಪ್ಪ ಹಾಕಿಸ್ತಾನಾ?"

"ನಮ್ಮಪ್ಪ ಸತ್ತು ಎಷ್ಟು ದಿನ ಆಯ್ತು. ಸುಮ್ನಿರಿ."

ಬೇಡ ಅನ್ನಲಿಲ್ಲ ನಾನು. ನನಗೂ ಒಂದು ಲೆಕ್ಕವಿತ್ತು. ಮುನಿಸಿರುವ ಮನೆಗೆ ನಿಂತ ಕಾಲಲ್ಲಿ ಹೋಗಬಾರದು, ಮುಂದಿನ ಮನೆಗೆ ಹೊತ್ತಾಯಿತು ಅಂತ ಏಳುವ ಹಾಗಿರಬಾರದು. ಕಡೆಗೆ ಹೋದರೆ ಎಲ್ಲ ಕೆಲಸ ಮುಗಿದಿರುತ್ತದೆ, ಅವನು ಬಾಯಿ ಬಿಡುವ ತನಕ ಕೂರಬಹುದು. ಕಾಯುವುದು ನನಗೆ ಚೆನ್ನಾಗಿ ಬರುತ್ತದೆ.

ಆದರೆ ಹೋದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ. ನೆಲಮಂಗಲದ ಕಡೆ ನಮ್ಮ ಯಜಮಾನರ ದೊಡ್ಡಪ್ಪನ ಮಗ ಕೇಳಿದ, ತಮ್ಮನ ಮನೆಗೆ ಕೊಟ್ರಾ ಅಂತ. ಎಲೆಕ್ಟ್ರಾನಿಕ್ ಸಿಟಿ ದಾಟಿ ಹೋದರೆ ಇಸ್ಮಾಯಿಲ್ ಸಾಬರ ಮನೆ. ನಮ್ಮ ಯಜಮಾನರೂ ಅವರೂ ಒಂದೇ ಶೆಡ್ಡಿನಲ್ಲಿ ಕೆಲಸ ಕಲಿತವರು, ಒಂದೇ ಡಬ್ಬಿಯಲ್ಲಿ ಉಂಡವರು. ಆ ಮನೆಯಲ್ಲಿ ಕುಂಕುಮ ಇಡುವ ಹಾಗಿಲ್ಲ ಅಂತ ಬಾಳೆಹಣ್ಣು, ಎಲೆ ಅಡಿಕೆ ಇಟ್ಟು ಪತ್ರಿಕೆ ಕೊಟ್ಟೆವು. ಅವರ ಹೆಂಡತಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಗೋಡೆಗೆ ಒರಗಿಸಿದ್ದ ದಿಂಬು ತೆಗೆದು ನನ್ನ ಬೆನ್ನಿಗೆ ಕೊಟ್ಟರು. ಇಡೀ ಪ್ರಯಾಣದಲ್ಲಿ ನನ್ನ ಬೆನ್ನು ಯಾರಿಗಾದರೂ ನೆನಪಾದದ್ದು ಆ ಮನೆಯಲ್ಲಿ ಮಾತ್ರ. ಕುರಿ ಸಾರು, ಚಪಾತಿ ಮಾಡಿದ್ದರು. ಉಣ್ಣುತ್ತಾ ಇಸ್ಮಾಯಿಲ್ ಸಾಬರೂ ಅದನ್ನೇ ಕೇಳಿದರು.

"ಭಾಬಿ, ಮುನಿರಾಜಣ್ಣನ ಮನೇಗೆ ಕೊಟ್ಬಿಟ್ರಲ್ಲಾ?"

"ಕಡೇಗೆ ಕೊಡ್ತೀವಿ."

"ಅರೆ, ಮಾಮೂಗೆ ಕಡೇಗಾ?" ಅಂದು ನಮ್ಮ ಯಜಮಾನರ ಕಡೆ ತಿರುಗಿದರು. "ಇದು ನಿಂದೇ ತಲೆ ಅಲ್ವಾ ಗುರು? ಮದ್ವೇನೂ ಶೆಡ್ಡಿನ ಕೆಲಸದ ಹಾಗೆ ಜಾಬ್ ಕಾರ್ಡ್ ಹಾಕಿ ಮಾಡ್ತೀಯಾ?"

ಯಜಮಾನರು ಮೂಳೆ ಚೀಪುವುದರಲ್ಲಿ ಮುಳುಗಿಹೋದರು.

ಸರ್ಜಾಪುರದಲ್ಲಿ ಅವರ ಅಕ್ಕನ ಮನೆ. ಅಲ್ಲಿಂದ ಹೊರಟ ದಿನ ಅಮಾವಾಸ್ಯೆ. ಅವತ್ತು ಯಾರಿಗೂ ಪತ್ರಿಕೆ ಕೊಡುವ ಹಾಗಿಲ್ಲ, ಸುಮ್ಮನೆ ದಾರಿ ಸವೆಸುವ ದಿನ. ವೈಟ್‌ಫೀಲ್ಡಿನ ಹತ್ತಿರ ನಮ್ಮ ಚಿಕ್ಕಮ್ಮ ಪಿಳ್ಳಮ್ಮ ಇದ್ದಳು, ಅವ್ವನ ತಂಗಿ. ಅಲ್ಲಿಗೆ ಹೋಗಿ ಮಲಗಿ, ಮಾರನೇ ದಿನ ಪತ್ರಿಕೆ ಕೊಡುವುದು ಅಂತ ಮಾತಾಗಿತ್ತು. ಸರ್ಜಾಪುರದಿಂದ ವೈಟ್‌ಫೀಲ್ಡಿಗೆ ಹೋಗುವ ದಾರಿ ಎಲ್ಲಿ ಹಾಯುತ್ತದೆ ಅನ್ನುವುದು ನಮ್ಮಿಬ್ಬರಿಗೂ ಹೊಳೆದದ್ದು ಕೆರೆಯ ವಾಸನೆ ಮೂಗಿಗೆ ಬಡಿದ ಮೇಲೆಯೇ. ವರ್ತೂರಿನ ಕೆರೆ ಆಗಲೇ ಕೆಡುವುದಕ್ಕೆ ಶುರುವಾಗಿತ್ತು. ನಾನು ಬಟ್ಟೆ ಒಗೆದ, ಈಜಿದ ಕೆರೆಯ ಮುಂದೆ ಸೆರಗನ್ನು ಮೂಗಿಗೆ ಹಿಡಿದುಕೊಂಡು ಕೂತಿದ್ದೆ.

ಸರ್ಕಲ್ಲಿನ ಟೀ ಅಂಗಡಿಯ ಬೆಂಚಿನ ಮೇಲೆ ಮುನಿರಾಜು ಕೂತಿದ್ದ. ಕೈಯಲ್ಲಿ ಲೋಟ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ತೊಡೆ ಮೇಲಿನ ಬ್ಯಾಗನ್ನೂ ನೋಡಿದ. ಅಷ್ಟು ಹೊತ್ತಿಗೆ ಅಡ್ಡ ಬಂದ ಎಮ್ಮೆಗೆ ಯಜಮಾನರು ಹಾರನ್ ಹೊಡೆದರು. ಮೊಪೆಡ್ಡು ಮುಂದೆ ಹೋಯಿತು. ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಅಮಾವಾಸ್ಯೆ ದಿನ ಮದುವೆ ಪತ್ರಿಕೆ ಹಿಡಿದುಕೊಂಡು ತವರಿನ ಹೊಸಲು ತುಳಿಯುವವಳು ನಾನಲ್ಲ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.

ಮಾರನೇ ದಿನ ಬೆಳಿಗ್ಗೆ ಚಿಕ್ಕಮ್ಮನಿಗೆ ಕುಂಕುಮ ಇಡುತ್ತಿದ್ದಾಗ ಅವಳ ಮಗ ವೆಂಕಟೇಶ ವರ್ತೂರಿಗೆ ಹಾಲು ಹಾಕಿ ಬಂದ. ಬಂದವನು ನನ್ನ ಮುಖ ನೋಡದೆ ಕ್ಯಾನು ಇಳಿಸಿದ.

"ಏನೋ ಅದು? ಹೇಳೋದಿದ್ರೆ ಹೇಳು," ಅಂದೆ.

"ಏನಿಲ್ಲ ಬಿಡಕ್ಕ. ಮುನಿರಾಜಣ್ಣ ಟೀ ಅಂಗಡಿ ತಾವ ಏನೇನೋ ಮಾತಾಡ್ತಿದ್ದ."

"ಅದನ್ನೇ ಹೇಳು."

"'ನಮ್ಮಕ್ಕ ಈಗ ದೊಡ್ಡೋಳಾಗವಳೆ, ನನ್ನ ಮುಂದೇನೇ ಆರನ್ ಒಡಕೊಂಡು ಓಯ್ತಾಳೆ. ಎಣ್ಣು ಕೇಳಿದ್ರೆ ಇಲ್ಲ ಅಂತಾಳೆ, ಈಗ ಊರೋರ್ನೆಲ್ಲ ಕರದು ಕಡೇಗೆ ಬತ್ತಾಳಂತೆ. ಮದ್ವೆಗೆ ಮಾವ ಬೇಕಿದ್ರೆ ಪೀಣ್ಯದಾಗೆ ಒಂದು ಮಾಡಿಸ್ಕೊಳ್ಳಲಿ, ಗಂಡ ಲೇತು ಒಡೀತಾನಲ್ಲ' ಅಂದ."

ಯಜಮಾನರು ನಕ್ಕುಬಿಟ್ಟರು. "ಯಾವ ಸೈಜು ಅಂತ ಕೇಳ್ಕೊಂಡು ಬರಬೇಕಿತ್ತು ಕಣೋ."

ನಾನು ನಗಲಿಲ್ಲ. ಚಿಕ್ಕಮ್ಮ ಕುಂಕುಮದ ಹಣೆಯನ್ನು ಹಾಗೇ ಬಡಿದುಕೊಂಡಳು, ಅಂಗೈ ಕೆಂಪಾಯಿತು.

"ಅಲ್ಲ ಕಣೇ ಗೌರಿ, ಮೊದ್ಲು ಅಲ್ಲಿಗೆ ತಾನೇ ಓಗಬೇಕಿದ್ದು. ನಿಮ್ಮವ್ವ ಇದ್ದಿದ್ರೆ ಏನನ್ನೋಳು? ಓಗ್ಲಿ ಬಿಡು, ಅವನು ಬರದಿದ್ರೆ ಬರದಿರಲಿ. ನಮ್ಮ ವೆಂಕಟೇಸ ಒರ್ತಾನೆ. ಇವನೂ ನಿಂಗೆ ತಮ್ಮನೇ ಅಲ್ವಾ?"

"ಹೊರಲಿ, ಬೇಡ ಅನ್ನಲ್ಲ. ಛತ್ರದಲ್ಲಿ ಅಕ್ಕಿ ಮೂಟೆ ಹೊರಲಿ," ಅಂದೆ. "ನನ್ನ ಮಗಳನ್ನ ಹೊರೋನು ನಮ್ಮವ್ವನ ಹೊಟ್ಟೇಲಿ ನನ್ನ ಹಿಂದೆ ಬಂದೋನು."

ವೆಂಕಟೇಶ ಬೇಜಾರು ಮಾಡಿಕೊಳ್ಳಲಿಲ್ಲ. ಅವನಿಗೆ ಸೊಂಟ ನೋವಿತ್ತು.

ಅವತ್ತು ಮಧ್ಯಾಹ್ನ ಮಾರತ್ತಹಳ್ಳಿಗೆ ಹೋದೆವು. ಯಜಮಾನರ ಹಳೇ ಸೂಪರ್‌ವೈಸರ್ ಪಾಟೀಲರು ಹೊಸದಾಗಿ ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಮನೆ ತೆಗೆದುಕೊಂಡಿದ್ದರು. ಅವರು ಧಾರವಾಡದ ಕಡೆಯವರು, ಲಿಂಗವಂತರು. ಒಳಗೆ ಕಾಲಿಟ್ಟರೆ ಗೋಡೆಯೆಲ್ಲ ಹೊಳಪು, ಆದರೆ ದೇವರ ಮುಂದೆ ಊರಿನ ಹಿತ್ತಾಳೆಯ ದೀಪದ ಸಮೆಯೇ ಉರಿಯುತ್ತಿತ್ತು. ಅವರ ಹೆಂಡತಿ ಶಿವಲೀಲಕ್ಕ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರು. ಕೆಳಗಿನ ಮನೆಯವರು ಸದ್ದು ಅಂತ ದೂರು ಹೇಳಿದ್ದರಂತೆ, ಅದಕ್ಕೆ ಕಂಬಳಿ ಮಡಿಸಿ ಕಲ್ಲಿನ ಅಡಿಗೆ ಹಾಕಿದ್ದರು. ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ಅವರೂ ಕೇಳಿದರು.

"ಹುಡುಗಿ ಸ್ವಾದರಮಾವಗ ಕೊಟ್ಟು ಬಂದಿರೇನ್ರಿ?"

ಮುಚ್ಚುವುದೇನು ಬಂತು, ಎಲ್ಲ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಅಯ್ಯ, ನಮ್ಮ ಕಡೆ ಸ್ವಾದರಮಾವ ಸಿಟ್ಟಾದ್ರ ಮದವಿ ಮನ್ಯಾಗ ಒಲಿನ ಹತ್ತಂಗಿಲ್ರಿ."

"ನಮ್ಮ ಕಡೆ ಹತ್ತುತ್ತೆ. ಅಡುಗೆ ಸೀಯುತ್ತೆ," ಅಂದೆ.

ಶಿವಲೀಲಕ್ಕ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಊಟ ಮುಗಿಸಿ ಬ್ಯಾಗಿಗೆ ಕೈ ಹಾಕಿದೆ. ಬ್ಯಾಗಿನಲ್ಲಿ ಉಳಿದದ್ದು ಒಂದೇ ಪತ್ರಿಕೆ. ನನಗೆ ಓದು ಬಂದದ್ದು ಬಸ್ಸಿನ ಬೋರ್ಡಿನಿಂದ, ಉದ್ದದ್ದು ಕೊಟ್ಟರೆ ಓದಲಾರೆ. ಅದರ ಮೇಲೆ ಸುಜಾತ ಬರೆದಿದ್ದ ತಮ್ಮನ ಹೆಸರನ್ನು ಮಾತ್ರ ಕೂಡಿಸಿಕೊಂಡು ಓದಿದೆ, ಮತ್ತೆ ಒಳಗಿಟ್ಟೆ. ಅವನು ಬೇಡ ಅಂದರೆ ಆಮೇಲೆ ಕೇಳುವುದಕ್ಕೆ ಇನ್ನೊಬ್ಬ ತಮ್ಮ ನನಗೆ ಇರಲಿಲ್ಲ.

ಮಾರನೇ ದಿನ ಬಿಸಿಲೇರುವ ಹೊತ್ತಿಗೆ ವರ್ತೂರು ಮುಟ್ಟಿದೆವು. ಮನೆಯ ಮುಂಭಾಗ ಒಡೆದು ಕಾಂಕ್ರೀಟ್ ಮೋಲ್ಡು ಹಾಕಿ ಎರಡು ರೂಮು ಬಾಡಿಗೆಗೆ ಬಿಟ್ಟಿದ್ದ. ಕಾರ್ಖಾನೆಯ ಹುಡುಗರ ಪ್ಯಾಂಟುಗಳು ನಮ್ಮ ಜಗಲಿಯ ಮೇಲೆ ಒಣಗುತ್ತಿದ್ದವು. ಆದರೆ ನಡುಮನೆ ಹಾಗೇ ಇತ್ತು. ಮೂಲೆಯ ಗೋಡೆ ಇತ್ತು. ಒಲೆ ಇದ್ದ ಕಡೆ ಗ್ಯಾಸು ಬಂದಿತ್ತು, ದನ ಇದ್ದ ಕಡೆ ಮಂಚ. ಒರಳುಕಲ್ಲು ಇದ್ದಲ್ಲೇ ಇತ್ತು, ಅದರ ಮೇಲೆ ಟೆಲಿಫೋನು ಇಟ್ಟಿದ್ದರು. ಮುನಿರಾಜು ಮಂಚದ ಮೇಲೆ ಕೂತಿದ್ದ.

"ಬನ್ನಿ ಬಾವ, ಕೂತ್ಕೊಳಿ. ಬಿಸಿಲು ಜಾಸ್ತಿ," ಅಂದ ಯಜಮಾನರಿಗೆ. ನನಗೆ ಏನೂ ಹೇಳಲಿಲ್ಲ.

ನಾನು ತಟ್ಟೆ ತೆಗೆದು ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಜೋಡಿಸಿ, ಮೇಲೆ ಪತ್ರಿಕೆ ಇಟ್ಟು ಅವನ ಮುಂದೆ ಹಿಡಿದೆ.

"ಮುನಿರಾಜು, ಸುಜಾತನ ಮದುವೆ. ಹೆಂಡತಿ ಮಗನ್ನ ಕರ್ಕೊಂಡು ಮೊದಲೇ ಬಂದು ನಿಂತು ನಡೆಸಿಕೊಡಬೇಕು."

ಅವನು ಕೈ ಮುಂದೆ ಚಾಚಲಿಲ್ಲ.

"ಮೊದಲೇ ಬರಬೇಕಾ? ಕರೆಯೋಕೆ ಮಾತ್ರ ಕಡೇಗಾ?"

"ಹೌದು. ಕಡೇಗೆ."

"ಊರೋರ್ನೆಲ್ಲ ಮುಗಿಸ್ಕಂಡು ಬಂದಿದೀಯ. ಆ ಸಾಬರಿಗೂ ಮೊದ್ಲು ಕೊಟ್ಟಿದೀಯ. ನಾನು ಟೀ ಕುಡೀತಾ ಕೂತಿದ್ದೋನ್ನ ನೋಡಿ, ಮಕ ಮುಚ್ಕಂಡು ಓದೆ."

"ಮುಖ ಅಲ್ಲ ಮುಚ್ಚಿದ್ದು, ಮೂಗು. ನಿಮ್ಮ ಕೆರೆ ನಾರ್ತಿತ್ತು. ಅವತ್ತು ಅಮಾವಾಸ್ಯೆ. ಅಮಾವಾಸ್ಯೆ ದಿನ ಬಂದು ಕರೆದಿದ್ರೆ ಏನಂತಿದ್ದೆ?"

"ಎಣ್ಣು ಕೇಳಿದಾಗ ಯಾವ ಅಮಾವಾಸ್ಯೆ ಇತ್ತು?"

"ಅದು ಅವಳು ಹೇಳಿದ್ದು. ನಾನು ಸರಿ ಅಂದೆ. ಇವತ್ತೂ ಸರಿ ಅಂತೀನಿ. ಅದಕ್ಕೆ ಬೈಯೋದಿದ್ರೆ ಬೈಯಿ, ಕೇಳಿಸ್ಕೋತೀನಿ. ತಟ್ಟೆ ಭಾರ ಆಗ್ತಿದೆ, ತಗೋ."

"ಅಲ್ಲೇ ಇಡು."

ಮಂಚದ ತುದಿಯಲ್ಲಿ ಇಟ್ಟೆ. ಇಟ್ಟದ್ದು ಕೊಟ್ಟ ಹಾಗಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಅವನು ಮೇಲೆ ಫ್ಯಾನು ನೋಡುತ್ತಾ ಕೂತ. ಕೂರಲು ಒರಳು ಖಾಲಿ ಇರಲಿಲ್ಲ, ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಯಜಮಾನರು ನಡುವೆ ಮಳೆ ಬೆಳೆ ವಿಚಾರ ತೆಗೆದರು, ಯಾರೂ ಎತ್ತಿಕೊಳ್ಳದೆ ಅದು ಅಲ್ಲೇ ಬಿದ್ದುಹೋಯಿತು.

ಒಳಗೆ ತಮ್ಮನ ಹೆಂಡತಿ ರತ್ನಮ್ಮ ಮುದ್ದೆ ತಿರುವುತ್ತಿದ್ದಳು. ಅವಳು ಹೆಚ್ಚು ಮಾತಿನವಳಲ್ಲ. ಹೊತ್ತಾದ ಮೇಲೆ ಅಲ್ಲಿಂದಲೇ ಕೂಗಿದಳು.

"ಅಣ್ಣ, ನೀವು ಬನ್ನಿ ಊಟಕ್ಕೆ."

ನಮ್ಮ ಯಜಮಾನರು ಯಾರ ಜಗಳಕ್ಕೂ ಊಟ ಬಿಟ್ಟವರಲ್ಲ, ಎದ್ದು ಹೋದರು. ಆಮೇಲೆ ಮಗನನ್ನು ಕರೆದಳು. ಅವನು ನನ್ನನ್ನು ದಾಟಿ ಹೋಗುವಾಗ "ಚೆನ್ನಾಗಿದ್ದೀರಾ ಅತ್ತೆ" ಅಂದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಎಲ್ಲ ಅಪ್ಪನ ಮನಸ್ಸಿನಲ್ಲೇ ಇತ್ತು. ಆಮೇಲೆ ಗಂಡನನ್ನು ಕರೆದಳು.

"ಅಸಿವಿಲ್ಲ," ಅಂದ ಮುನಿರಾಜು.

ಮತ್ತೆ ಕರೆದಳು. ಇಲ್ಲ ಅಂದ. ಯಜಮಾನರೂ ಹುಡುಗನೂ ಉಂಡು ಕೈ ತೊಳೆದು ಹೊರಗೆ ಹೋದರು. ಆಗ ರತ್ನಮ್ಮ ಮೆಲ್ಲಗೆ, "ಅತ್ತಿಗೆ, ಬನ್ನಿ, ನಾವು ಕೂತ್ಕೊಳಣ," ಅಂದಳು. ನಾನು ಎದ್ದು ಗೋಡೆಯ ಆ ಕಡೆ ಹೋದೆ. ಅವ್ವ ಕೂರುತ್ತಿದ್ದ ಜಾಗದಲ್ಲಿ ಅವಳು, ನನ್ನ ಜಾಗದಲ್ಲಿ ನಾನು. ಅವರೆಕಾಳಿನ ಸಾರು. ಅವಳು ಮುದ್ದೆ ಬಡಿಸಿ, ಹಿಟ್ಟಿನ ಪಾತ್ರೆಯನ್ನು ಎಳೆದುಕೊಂಡು ನೆನೆಯಲಿ ಅಂತ ಚೊಂಬಿನ ನೀರು ಎತ್ತಿದಳು.

"ಇರು ರತ್ನ, ನೀರು ಹುಯ್ಯಬೇಡ."

"ತಳ ಹತ್ಕೊಂಡೈತೆ ಅತ್ತಿಗೆ."

"ಹತ್ಕೊಳ್ಳಲಿ. ಸಟ್ಟುಗ ಕೊಡು ಇಲ್ಲಿ."

ಪಾತ್ರೆಯನ್ನು ಮೊಣಕಾಲ ನಡುವೆ ಹಿಡಿದು ಕೆರೆಯತೊಡಗಿದೆ. ಮಡಕೆಯಲ್ಲಿ ಎದ್ದ ಹಾಗೆ ಅಲ್ಯೂಮಿನಿಯಮ್ಮಿನಲ್ಲಿ ಸೀಕು ಏಳುವುದಿಲ್ಲ, ಹಟ ಮಾಡುತ್ತದೆ. ಒಂದು ಅಂಚು ಬಿಟ್ಟುಕೊಂಡ ಮೇಲೆ ಪೂರ್ತಿ ಚಿಪ್ಪಿನ ಹಾಗೆ ಎದ್ದು ಬಂತು. ಆ ಸದ್ದಿಗೆ ಗೋಡೆಯಾಚೆ ಮಂಚ ಕಿರುಗುಟ್ಟಿತು. ನಾನು ತಲೆ ಎತ್ತಲಿಲ್ಲ. ಬೆಣ್ಣೆ ಇದೆಯಾ ಅಂತ ರತ್ನಮ್ಮನನ್ನು ಕೇಳಿದೆ, ಅವಳು ಕೊಟ್ಟಳು, ಸವರಿದೆ. ಕಲ್ಲುಪ್ಪು ಇರಲಿಲ್ಲ, ಪುಡಿ ಉಪ್ಪು ಹಾಕಿದೆ. ಮೇಲೆ ನೋಡಿದರೆ ಗೋಡೆ ಮೇಲೆ ಮೊಣಕೈ ಊರಿ ಮುನಿರಾಜು ನಿಂತಿದ್ದ. ತಲೆ ಅರ್ಧ ನರೆತಿತ್ತು. ನಿಂತ ರೀತಿ ಅದೇ.

"ನಾನಿನ್ನೂ ಉಂಡಿಲ್ಲ," ಅಂದ.

"ನೀನೇ ಹಸಿವಿಲ್ಲ ಅಂದ್ಯಲ್ಲೋ."

"ಇವತ್ತು ಕಡೇಗೆ ಬಂದೋನು ನಾನು. ಈ ಮನೇಲಿ ಕಡೇಗೆ ಬಂದೋರ್ಗೆ ತಾನೆ ಅದು?"

"ಹೂಂ," ಅಂದೆ. "ಕಡೇಗೆ ಕರೆಸಿಕೊಂಡೋರಿಗೆ ಏನು ಸಿಗುತ್ತೆ ಅಂತ ನೆನಪೈತಲ್ಲ ನಿಂಗೆ. ಮತ್ತೆ ಟೀ ಅಂಗಡೀಲಿ ಯಾಕೆ ಬಾಯಿ ಬಡ್ಕೊಂಡೆ?"

ಅವನು ಗೋಡೆ ಬಳಸಿ ಬಂದು ನನ್ನ ಪಕ್ಕ ಕೂತ. ಸೀಕನ್ನು ಮುರಿದೆ. ಸಮನಾಗಿ ಮುರಿಯಬೇಕು ಅಂದುಕೊಂಡೆ, ಆಗಲಿಲ್ಲ, ಒಂದು ದೊಡ್ಡದಾಯಿತು. ಅವನು ಕೇಳದೆ ದೊಡ್ಡದಕ್ಕೆ ಕೈ ಹಾಕಿದ. ಇಬ್ಬರೂ ಕಡಿದೆವು. ರತ್ನಮ್ಮ ಚೊಂಬು ಹಿಡಿದುಕೊಂಡು ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವ ಹಾಗೆ ನೋಡುತ್ತಿದ್ದಳು.

"ಗೋದಲಿಗೆ ಎಸೀಬೇಡ ಮತ್ತೆ," ಅಂದ.

"ಗೋದಲಿ ಎಲ್ಲೈತೆ ಈಗ? ಮಂಚದ ಮೇಲೆ ಎಸೀಬೇಕು."

ಆಮೇಲೆ ಅವನು ಒಂದರ ಮೇಲೊಂದು ಮುದ್ದೆ ಉಂಡ. ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದು, ಮಂಚದ ಪಕ್ಕ ನೆಟ್ಟಗೆ ನಿಂತ.

"ಈಗ ಮೊದಲಿಂದ ಕರಿ."

ಯಜಮಾನರನ್ನು ಹೊರಗಿನಿಂದ ಕೂಗಿ ಕರೆಸಿಕೊಂಡೆ. ಇಬ್ಬರೂ ತಟ್ಟೆ ಹಿಡಿದೆವು. ಹೇಳಿದ ಮಾತನ್ನೇ ಮತ್ತೆ ಹೇಳಿದೆ, ಸುಜಾತನ ಮದುವೆ, ಮೊದಲೇ ಬಂದು ನಿಂತು ನಡೆಸಿಕೊಡಬೇಕು. ಅವನು ಕುಂಕುಮ ಇಡಿಸಿಕೊಂಡು, ಪತ್ರಿಕೆ ತೆಗೆದು, ಅಂಗೈಯಲ್ಲಿ ತೂಗುವವನ ಹಾಗೆ ಎರಡು ಸಲ ಮೇಲೆ ಕೆಳಗೆ ಮಾಡಿದ.

"ಇದೇನೋ ಅಗುರ ಐತೆ. ಅವಳು ಎಷ್ಟು ತೂಕ ಅವಳೆ?"

"ನನ್ನಷ್ಟಿಲ್ಲ."

"ಬದುಕಿದೆ ಬಿಡು," ಅಂದ.

ಅವತ್ತು ಅಲ್ಲೇ ಉಳಿದು, ಮಾರನೇ ದಿನ ಬೆಳಿಗ್ಗೆ ಹೊರಟೆವು. ಹೊರಡುವಾಗ ರತ್ನಮ್ಮ ನನ್ನನ್ನು ಮಣೆ ಮೇಲೆ ಕೂರಿಸಿ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಬಟ್ಟೆ. ತವರಿನಿಂದ ಮಡಿಲಿಗೆ ಅಕ್ಕಿ ಬಿದ್ದು ವರ್ಷವಾಗಿತ್ತು, ಅದಕ್ಕೋ ಏನೋ ಧಾರಾಳವಾಗಿ ಹಾಕಿದಳು. ಸೆರಗು ಗಂಟು ಕಟ್ಟಿಕೊಂಡು ಮೊಪೆಡ್ಡು ಹತ್ತಿದೆ. ಊರು ದಾಟಿದ ಮೇಲೆ ಏರು ಬಂತು. ಮೊಪೆಡ್ಡು ಕೆಮ್ಮಲು ಶುರುಮಾಡಿತು.

"ಇಳಿ," ಅಂದರು ಯಜಮಾನರು.

"ಇಳಿಯಲ್ಲ."

"ಯಾಕೇ?"

"ತವರಿಂದ ಮಡಿಲು ತುಂಬ್ಕೊಂಡು ಹೊರಟೋಳು ದಾರೀಲಿ ಇಳೀಬಾರದು."

"ಇದ್ಯಾವ ಪದ್ಧತಿ? ಯಾರು ಹೇಳಿದ್ದು?"

"ನಾನೇ," ಅಂದೆ.

ಮೊಪೆಡ್ಡು ಗೊಣಗಿಕೊಂಡು ಹತ್ತಿತು.